ಬೋರಿಂಗಿನ ಕೊಚ್ಚೆಯನ್ನು ಪುನಃ ಸ್ಥಾಪಿಸುವ ಕುರಿತು

ಸಮಸ್ಯಾ ಬೋಧನಾ ಶಾಖೆ
ಮೊಕ್ಕಾಂ: ಕೂಡ್ಲಿಗಿ
ಕ್ರಮಾಂಕ: ಸ.ಬೋ.ಶಾ/ಕೊಚ್ಚೆ/7/1998–99
ದಿನಾಂಕ: 11–1–1999

ವಿಷಯ: ಪರಿಸರ ಸಮಸ್ಯೆ ಬಿಡಿಸುವ ಮೂಲಕ ಮಕ್ಕಳಿಗೆ ವಿಜ್ಞಾನ ಹಾಗೂ ತಾಂತ್ರಿಕತೆ ಕಲಿಸುವಾಗ, ಸಮಸ್ಯೆಯು ನಿಜವಾಗಿಯೂ ಬಗೆಹರಿದುಹೋಗದಂತೆ ಎಚ್ಚರ ವಹಿಸುವ ಬಗ್ಗೆ.

ಉಲ್ಲೇಖ: 1. ಈ ಶಾಖೆಯ ಹಿಂದಿನ ಸುತ್ತೋಲೆ (ಸಿಕ್ಕಿಲ್ಲ).
2. ಏಳನೇ ತರಗತಿಯ ಸಮತಾ ಎಂಬ ವಿದ್ಯಾರ್ಥಿನಿಯ ಹೇಳಿಕೆ, ದಿ. 6–1–1999.

ಕಾನಹೊಸಹಳ್ಳಿ ಹೋಬಳಿಯ ಹಿರಿಯ ಪ್ರಾಥಮಿಕ ಶಾಲೆಯೊಂದರ (ಮುಂದೆ ‘ಸದರಿ ಶಾಲೆ’) ಅಂಗಳದಲ್ಲಿ, ಊರವರು ಕೊಡ ತುಂಬುವ ಬೋರಿಂಗಿನ ಬಳಿ ಹದಿನಾಲ್ಕು ವರ್ಷಗಳಿಂದ ಕೊಚ್ಚೆ ನೀರು ಸುವ್ಯವಸ್ಥಿತವಾಗಿ ನಿಲ್ಲುತ್ತಿತ್ತು. ಕಾಂಪೌಂಡಿನ ಬದಿಯ ಹದಿನೆಂಟು ಬೇವಿನ ಸಸಿಗಳಿಗೆ ಏಳನೇ ತರಗತಿಯ ಹುಡುಗಿಯರು ಗಣಿತದ ಪಿರೇಡಿನಲ್ಲಿ ಬಕೆಟ್ಟಿನಿಂದ ನೀರು ಹೊರುತ್ತಿದ್ದರು. ಎರಡೂ ವ್ಯವಸ್ಥೆಗಳು ಒಂದಕ್ಕೊಂದು ತೊಂದರೆ ಕೊಡದೆ ನಡೆದಿದ್ದವು.

ಫೆಬ್ರವರಿಯಲ್ಲಿ ಬರಲಿರುವ ವೀಕ್ಷಣಾ ತಂಡಕ್ಕೆ ತೋರಿಸಲೆಂದು ಸದರಿ ಕೊಚ್ಚೆಯನ್ನು ಪರಿಸರ ಸಮಸ್ಯೆಯಾಗಿ ಆಯ್ಕೆ ಮಾಡಿ, ಅದರ ಥರ್ಮಾಕೋಲ್ ಮಾದರಿ ತಯಾರಿಸಲು ಮಕ್ಕಳಿಗೆ ಸೂಚಿಸಲಾಗಿತ್ತು. ಅದರ ಬದಲು ಸದರಿ ಸಮತಾ, ಗಾರೆ ಕೆಲಸ ಮಾಡುವ ತನ್ನ ತಂದೆ ಗಾಳೆಪ್ಪನವರ ಮಟ್ಟ ನೋಡುವ ಪೈಪು ತಂದು, ನೆಲದ ಇಳಿಜಾರು ಅಳೆದು, ಗೆಳತಿಯರೊಂದಿಗೆ ಕಾಲುವೆ ತೋಡಿ, ಕೊಚ್ಚೆ ನೀರನ್ನು ಸಸಿಗಳ ಬುಡಕ್ಕೆ ಹರಿಸಿರುವುದು ಕಂಡುಬಂದಿದೆ. ಈಗ ನೀರು ನಿಲ್ಲುತ್ತಿಲ್ಲ. ಸಸಿಗಳು ಒಣಗುತ್ತಿಲ್ಲ. ಹುಡುಗಿಯರು ಗಣಿತದ ಪಿರೇಡಿನಲ್ಲಿ ಕುಳಿತಿದ್ದಾರೆ. ಮಾದರಿ ಮಾತ್ರ ಆಗಿಲ್ಲ.

ಇದನ್ನು ಗಂಭೀರವಾಗಿ ಪರಿಗಣಿಸಿ, ಈ ಕೆಳಗಿನಂತೆ ವಿಧಿಸಲಾಗಿದೆ:

1. ಸಮಸ್ಯೆಗಳನ್ನು ಅನುಮೋದಿತ ಪಟ್ಟಿಯಿಂದಲೇ ಆರಿಸತಕ್ಕದ್ದು. ಪಟ್ಟಿ ತಲುಪುವವರೆಗೆ ಶಾಲೆಗಳಲ್ಲಿ ಸಮಸ್ಯೆಗಳಿಲ್ಲವೆಂದು ಭಾವಿಸತಕ್ಕದ್ದು.

2. ಮೊದಲ ದಿನ ತೋಡಿದ ಕಾಲುವೆಯಲ್ಲಿ ನೀರು ಹಿಂದಕ್ಕೆ ಬಂದಿತೆಂದೂ, ಕಾರಣ ಹುಡುಕಿ ಮರುದಿನ ಎರಡು ಬೆರಳು ಆಳ ಹೆಚ್ಚಿಸಲಾಯಿತೆಂದೂ ಸಮತಾಳ ನೋಟ್‌ಬುಕ್ಕಿನಲ್ಲಿದೆ. ತಪ್ಪು ಮಾಡುವುದಕ್ಕೆ ಮೂರು ದಿನ ಮುಂಚಿತವಾಗಿ ಅನುಮತಿ ಪಡೆಯತಕ್ಕದ್ದು. ತಪ್ಪಿನಿಂದ ಕಲಿಯುವುದಿದ್ದಲ್ಲಿ ಪ್ರತ್ಯೇಕ ಅರ್ಜಿ.

3. ನೀರು ಚಾರ್ಟಿನಲ್ಲಿ ಬಾಣ ತೋರಿಸಿದ ಕಡೆಗೇ ಹರಿಯತಕ್ಕದ್ದು. ತಪ್ಪಿದಲ್ಲಿ ನೀರಿನಿಂದ ಲಿಖಿತ ವಿವರಣೆ ಪಡೆಯತಕ್ಕದ್ದು.

4. ಕೊಟ್ಟೂರಿನಿಂದ ಸಿದ್ಧ ಮಾದರಿಯೊಂದನ್ನು ತರಿಸಲಾಗಿದೆ. ಅದರಲ್ಲಿ ಕೊಚ್ಚೆ ದುಂಡಗೆ, ನೀಲಿಯಾಗಿದೆ. ಕಾಲುವೆಯನ್ನು ಕೂಡಲೇ ಮುಚ್ಚಿ, ನಿಜವಾದ ಕೊಚ್ಚೆಯನ್ನು ಮಾದರಿಗೆ ಹೋಲುವಂತೆ ಪುನಃ ಸ್ಥಾಪಿಸತಕ್ಕದ್ದು.

5. ತಂಡ ಬರುವ ದಿನ ಕನಿಷ್ಠ ನಲವತ್ತು ಸೊಳ್ಳೆಗಳು ಹಾಜರಿರತಕ್ಕದ್ದು. ಕೊರತೆ ಬಿದ್ದಲ್ಲಿ ನೆರೆಯ ಶಾಲೆಯಿಂದ ಎರವಲು ತಂದು, ಸಂಜೆ ಐದರೊಳಗೆ ಅವೇ ಸೊಳ್ಳೆಗಳನ್ನು ಹಿಂದಿರುಗಿಸಿ ಸ್ವೀಕೃತಿ ಪಡೆಯತಕ್ಕದ್ದು. ಆ ದಿನ ಯಾರೂ ಸೊಳ್ಳೆ ಹೊಡೆಯಕೂಡದು.

6. ಮಟ್ಟದ ಪೈಪನ್ನು ವಶಕ್ಕೆ ಪಡೆಯಲಾಗಿದೆ. ಅದನ್ನು ಹಿಂದಿರುಗಿಸುವವರೆಗೆ ಗಾಳೆಪ್ಪನವರು ಗೋಡೆಗಳನ್ನು ಅಂದಾಜಿನಲ್ಲಿ ಕಟ್ಟಲು ಅಡ್ಡಿಯಿಲ್ಲ.

7. ಗಣಿತದ ಪಿರೇಡಿನಲ್ಲಿ ನೀರು ಹೊರುವುದನ್ನು ಹುಡುಗಿಯರು ಮೊದಲಿನಂತೆ ಮುಂದುವರಿಸತಕ್ಕದ್ದು. ಮಾರ್ಚ್ ತಿಂಗಳಲ್ಲಿ ಏಳನೇ ತರಗತಿಯ ಪಬ್ಲಿಕ್ ಪರೀಕ್ಷೆ ಇರುವುದು ಇದಕ್ಕೆ ಅಡ್ಡಿಯಾಗದು. ಈ ಕುರಿತು ಸದರಿ ಸಮತಾಳ ಹೇಳಿಕೆ ಇದ್ದದ್ದು ಇದ್ದಂತೆ: “ಹೋದ ವರ್ಷ ಗಣಿತದಾಗ ಫೇಲಾದ ಒಂಬತ್ತು ಮಂದಿ ಹುಡುಗ್ಯಾರೂ ಬಕೀಟು ಹೊತ್ತೋರ ಅದಾರ್ರಿ. ಒಬ್ಬಾಕಿನೂ ತಿರುಗಿ ಸಾಲಿಗೆ ಬಂದಿಲ್ಲ. ಈ ಸಲ ನಾವೇನ್ರಿ ಸರ?”

ಪರಿಶೀಲಿಸಲಾಗಿ, ಒಂಬತ್ತು ಎಂಬ ಸಂಖ್ಯೆ ಸರಿಯಾಗಿದೆ. ಆದರೆ ಸದರಿ ಒಂಬತ್ತು ಮಂದಿ ಹೊತ್ತ ನೀರಿನಿಂದ ಹದಿನೆಂಟೂ ಸಸಿಗಳು ಬದುಕಿರುವುದರಿಂದ ಒಟ್ಟು ಫಲಿತಾಂಶ ತೃಪ್ತಿಕರವೆಂದು ದಾಖಲಿಸಲಾಗಿದೆ.

ಸಹಿ/–
(ಓದಲಾಗುತ್ತಿಲ್ಲ)
ಶಾಖಾಧಿಕಾರಿಗಳ ಪರವಾಗಿ

ಪ್ರತಿಗಳು:

1. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯ ಎಲ್ಲ ಶಾಲೆಗಳಿಗೆ — ತಮ್ಮಲ್ಲಿನ ಕೊಚ್ಚೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಲು.

2. ಗುರುಬಸವರಾಜ, ಮುಖ್ಯೋಪಾಧ್ಯಾಯರು, ಸದರಿ ಶಾಲೆ — ಕಾಲುವೆಯಲ್ಲಿ ನೀರು ಹರಿದಾಗ ಚಪ್ಪಾಳೆ ತಟ್ಟಿದ ಬಗ್ಗೆ ಏಳು ದಿನಗಳೊಳಗೆ ಸಮಜಾಯಿಷಿ ನೀಡಲು.

3. ಬೇವಿನ ಸಸಿಗಳು (18) — ಮಾಹಿತಿಗಾಗಿ.

4. ಸಮತಾ, ಏಳನೇ ತರಗತಿ — ಗಣಿತದ ಪಿರೇಡಿನಲ್ಲಿ ಖುದ್ದಾಗಿ ತಲುಪಿಸಲು. ಆಕೆ ತರಗತಿಯಲ್ಲಿ ಇಲ್ಲದಿದ್ದಲ್ಲಿ, ಸುತ್ತೋಲೆ ಜಾರಿಯಾಗಿದೆ ಎಂದು ತಿಳಿಯತಕ್ಕದ್ದು.