ಇನ್ಸ್‌ಪೆಕ್ಟರ್ ಮನೆಯಲ್ಲಿ ನೊಣ ಸಾಕಣೆ

ನಿಂತುಹೋದದ್ದನ್ನು ಓಡಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಇಪ್ಪತ್ತೆರಡು ವರ್ಷದಿಂದ ಗಡಿಯಾರ ರಿಪೇರಿ ಮಾಡುತ್ತಿದ್ದೇನೆ ಸ್ವಾಮಿ! ಎಳ್ಳಿಗಿಂತ ಸಣ್ಣ ಸ್ಕ್ರೂಗಳು ನನ್ನ ಚಿಮಟ ಕಂಡರೆ ತಾವಾಗಿಯೇ ಸಾಲು ನಿಲ್ಲುತ್ತವೆ. ಅಂಥವನಿಗೆ ಅಂಗೈಯಗಲದ ಒಂದು ಗಿಡ ಸಾಕುವುದು ಯಾವ ಮಹಾ ಕೆಲಸ? ಹೀಗೆ ಎದೆಯುಬ್ಬಿಸಿಕೊಂಡೇ ನರ್ಸರಿಗೆ ಹೋಗಿ, ನೊಣ ಹಿಡಿದು ತಿನ್ನುವ ಗಿಡವೊಂದನ್ನು ಕೊಂಡುತಂದೆ.

"ಮಳೆ ನೀರು ಹಾಕಿ, ಬಿಸಿಲಲ್ಲಿಡಿ, ಗೊಬ್ಬರ ಬೇಡ..." ಎಂದು ನರ್ಸರಿಯವನು ಇನ್ನೂ ಹೇಳುತ್ತಲೇ ಇದ್ದ. "ನಾನು ನೋಡ್ಕೋತೀನಿ ಬಿಡಿ" ಎಂದು ಕುಂಡ ಎತ್ತಿಕೊಂಡು ಬಂದುಬಿಟ್ಟೆ.

ಗಿಡಕ್ಕೆ ಆರು ಬಾಯಿ. ಒಂದೊಂದೂ ಅರ್ಧ ತೆರೆದ ಚಿಪ್ಪಿನಂತಿದೆ, ಅಂಚಿಗೆ ಹಲ್ಲುಗಳ ಸಾಲು, ಒಳಗೆ ಕೆಂಪು ಅಂಗಳದಲ್ಲಿ ಸಣ್ಣ ಕೂದಲು. ಕೂದಲನ್ನು ಒಮ್ಮೆ ಮುಟ್ಟಿದರೆ ಸುಮ್ಮನಿರುತ್ತದೆ. ಮತ್ತೊಮ್ಮೆ ಮುಟ್ಟಿ ನೋಡಿ, ಟಪ್! ಸ್ಪ್ರಿಂಗಿಲ್ಲ, ಚಕ್ರವಿಲ್ಲ, ಕೀಲಿ ಕೊಡುವ ರಗಳೆಯಿಲ್ಲ! ನಾನು ಅಲ್ಲೇ ಸೋತುಹೋದೆ.

ಒಂದೇ ತೊಡಕು. ನಮ್ಮ ಮನೆಯಲ್ಲಿ ನೊಣವಿಲ್ಲ. ಯಾಕೆಂದರೆ ಹದಿನೇಳು ವರ್ಷದ ಹಿಂದೆ ನನ್ನ ಕೈಹಿಡಿದ ಹೆಂಡತಿ ಹೋಟೆಲುಗಳ ಅಡುಗೆಮನೆ ತಪಾಸಣೆ ಮಾಡುವ ಇನ್ಸ್‌ಪೆಕ್ಟರ್. ಇವಳು ಒಳಗೆ ಕಾಲಿಟ್ಟರೆ ಬಾಣಸಿಗರ ಮುಖ ಬಿಳಿಚಿಕೊಳ್ಳುತ್ತದೆ. ಇನ್ನು ಸ್ವಂತ ಮನೆಯೆಂದರೆ ಕೇಳಬೇಕೆ? ನೊಣಗಳು ನಮ್ಮ ಬಾಗಿಲಿನ ಬೋರ್ಡು ಓದಿಕೊಂಡು ಪಕ್ಕದ ಮನೆಗೆ ಹೋಗುತ್ತವೆ.

"ನೊಣ ತಿನ್ನೋ ಗಿಡ ಯಾಕ್ರೀ? ನಮ್ಮನೇಲಿ ನೊಣ ಎಲ್ಲಿದೆ?"

"ಬಂದ್ರೆ ಇರ್ಲಿ ಅಂತ."

"ಬಂದ್ರೆ ನಾನಿದ್ದೀನಲ್ಲ!"

ಮಾತೇನೋ ಸರಿ. ಆದರೆ ಆರು ಬಾಯಿಗಳು ತೆರೆದುಕೊಂಡು ನನ್ನನ್ನೇ ನೋಡುತ್ತಿದ್ದರೆ ತುತ್ತು ಗಂಟಲಲ್ಲಿ ಇಳಿಯುವುದು ಹೇಗೆ? ಅಂಗಡಿಯ ಕಿಟಕಿಯಲ್ಲಿ ಸತ್ತುಬಿದ್ದ ನೊಣಗಳನ್ನು ಚಿಮಟದಲ್ಲಿ ಹೆಕ್ಕಿ, ಕೈಗಡಿಯಾರದ ಡಬ್ಬಿಯಲ್ಲಿ ಹತ್ತಿ ಹಾಸಿ, ರಾಜಮರ್ಯಾದೆಯಿಂದ ತಂದು ಬಡಿಸಿದೆ. ಗಿಡ ಬಾಯಿ ಮುಚ್ಚಿತು. ಒಳಗೆ ಏನೂ ಒದ್ದಾಡುತ್ತಿಲ್ಲವೆಂದು ಗೊತ್ತಾಗಿ ಮರುದಿನ ಮತ್ತೆ ತೆರೆಯಿತು. ನೊಣ ಇದ್ದ ಹಾಗೇ ಇತ್ತು! ನಾನು ತಂದದ್ದಕ್ಕೆ ಮೂಗು ಮುರಿಯುವುದರಲ್ಲಿ ಈ ಗಿಡ ನನ್ನ ಹೆಂಡತಿಯನ್ನೂ ಹಿಂದೆ ಹಾಕಿತು.

ಸರಿ, ಜೀವಂತ ನೊಣವೇ ಬೇಕು. ಸಾಕಿಬಿಡೋಣ! ಮೀನಿನಂಗಡಿಯಿಂದ ಒಂದು ಮೀನಿನ ತಲೆ ತಂದು ಹಿಂದಿನ ಬಾಲ್ಕನಿಯಲ್ಲಿ, ವಾಷಿಂಗ್ ಮಷೀನಿನ ಹಿಂದೆ, ಒಂದು ಬಕೆಟ್ಟಿನಲ್ಲಿ ಗುಟ್ಟಾಗಿ ಇಟ್ಟೆ. ಮೂರು ದಿನ ತೆರೆದಿಟ್ಟು, ಪಕ್ಕದ ಮನೆಯ ನೊಣಗಳು ಬಂದು ಮೊಟ್ಟೆಯಿಟ್ಟು ಹೋದ ಮೇಲೆ ಮುಚ್ಚಳ ಮುಚ್ಚಿ, ಗಾಳಿಗೆಂದು ಸೂಜಿಯಿಂದ ತೂತು ಕೊರೆದೆ. ಎಷ್ಟು ಅಚ್ಚುಕಟ್ಟು ನೋಡಿ!

"ಏನೋ ವಾಸನೆ ಬರ್ತಿದೆ ಕಣ್ರೀ."

"ವಾಷಿಂಗ್ ಮಷೀನಿಂದು. ಬೆಲ್ಟ್ ಸವೆದಿರ್ಬೇಕು."

"ಬೆಲ್ಟ್ ಸವೆದ್ರೆ ಮೀನಿನ ವಾಸನೆ ಬರುತ್ತಾ?"

"ಹಳೇ ಮಷೀನು..."

ಬೇರೆ ಸಮಯದಲ್ಲಾಗಿದ್ದರೆ ಎರಡೇ ನಿಮಿಷದಲ್ಲಿ ನನ್ನ ಬಂಡವಾಳ ಬಯಲಾಗುತ್ತಿತ್ತು. ಆದರೆ ಆ ದಿನಗಳಲ್ಲಿ ಅವಳಿಗೆ ತಲೆ ಎತ್ತಲೂ ಪುರುಸೊತ್ತಿರಲಿಲ್ಲ. ಹೊಸ ಇನ್ಸ್‌ಪೆಕ್ಟರುಗಳಿಗೆ ತರಬೇತಿ ಕೊಡುವ ಹುದ್ದೆಗೆ ಅವಳ ಹೆಸರು ಬಂದಿತ್ತು. ಹನ್ನೆರಡು ವರ್ಷದಿಂದ ಅವಳು ಆಸೆಪಟ್ಟಿದ್ದ ಕೆಲಸ ಅದು. ಭಾನುವಾರ ಅವಳ ಮೇಲಧಿಕಾರಿ ಮೇಡಂ ಮನೆಗೇ ಬಂದು, ಅವಳು ಬರೆದ ಪಾಠಗಳನ್ನು ನೋಡಿ, ಒಪ್ಪಿಗೆ ಕೊಡುವವರಿದ್ದರು. ಮೊದಲ ಪಾಠದ ಹೆಸರು: "ಅಡುಗೆಮನೆಯಲ್ಲಿ ನೊಣ ನಿಯಂತ್ರಣ".

ಭಾನುವಾರ ಬಂತು. ಹೆಂಡತಿಗೆ ನೆರವಾಗೋಣವೆಂದು ನಾನೇ ಬಟ್ಟೆಗಳನ್ನು ಮಷೀನಿಗೆ ಹಾಕಿದೆ. ಒಳ್ಳೆಯ ಗಂಡನ ಗತಿ ನೋಡಿ! ನೀರು ಹಿಂಡುವ ಹೊತ್ತಿಗೆ ಮಷೀನು ಗಡಗಡ ನಡುಗಿ ಹಿಂದಕ್ಕೆ ಸರಿಯಿತು, ಬಕೆಟ್ಟಿಗೆ ಗುದ್ದಿತು, ಮುಚ್ಚಳ ಹಾರಿತು. ಅದೇ ಗಳಿಗೆಯಲ್ಲಿ ಕಾಲಿಂಗ್ ಬೆಲ್ಲೂ ಹೊಡೆಯಿತು.

ಮೇಡಂ ಸೋಫಾದಲ್ಲಿ ಕೂತು ಕನ್ನಡಕ ಏರಿಸಿ ಮೊದಲ ಪುಟ ತೆರೆದರು. "ನಿಯಂತ್ರಣ" ಎಂಬ ಪದದ ಮೇಲೆ ಒಂದು ನೊಣ ಬಂದು ಕೂತಿತು. "ನೊಣ" ಎಂಬ ಪದದ ಮೇಲೆ ಇನ್ನೊಂದು. ಮೂರನೆಯದು ನೇರವಾಗಿ ಅವರ ಕನ್ನಡಕದ ಮೇಲೆ! ಹಿಂದೆಯೇ ಇಡೀ ಬಕೆಟ್ಟು ಗುಂಯ್ ಎನ್ನುತ್ತಾ ಒಳಗೆ ಬಂತು.

ಹೋಟೆಲ್ ಬಾಣಸಿಗರ ಮುಖದಲ್ಲಿ ಕಾಣುವ ಆ ಬಿಳುಪನ್ನು ಅವತ್ತು ಇವಳ ಮುಖದಲ್ಲಿ ಕಂಡೆ. ಹೇಗಾದರೂ ಮಾನ ಉಳಿಸಬೇಕು!

"ಒಂದ್ನಿಮಿಷ ಮೇಡಂ! ಇದಕ್ಕೆಲ್ಲ ನನ್ನ ಹತ್ರ ಅಸ್ತ್ರ ಇದೆ!" ಎನ್ನುತ್ತಾ ಓಡಿಹೋಗಿ ಕುಂಡ ತಂದು ಮೇಜಿನ ಮೇಲೆ ಇಟ್ಟೆ.

ಅಸ್ತ್ರದ ಎರಡು ಬಾಯಿ ಕಪ್ಪಾಗಿ ಬಾಡಿದ್ದವು. ಉಳಿದ ನಾಲ್ಕು ಬಿಗಿಯಾಗಿ ಮುಚ್ಚಿದ್ದವು. ನೊಣಗಳು ಅವುಗಳ ಮೇಲೆ ಆರಾಮಾಗಿ ಕೂತು ಕೈ ಉಜ್ಜಿಕೊಳ್ಳತೊಡಗಿದವು.

ಮೇಡಂ ಬಗ್ಗಿ ನೋಡಿದರು. "ಇದನ್ನ ಸುಮ್ಮಸುಮ್ಮನೆ ಮುಚ್ಚಿಸ್ತಿದ್ರಾ?"

"ದಿನಾ ಬೆಳಿಗ್ಗೆ ಮೇಡಂ, ಒಂದೊಂದೂ ಓಡ್ತಿದೆಯಾ ಅಂತ ಚೆಕ್ ಮಾಡ್ತೀನಿ. ಗಡಿಯಾರಕ್ಕೆ ಕೀಲಿ ಕೊಟ್ಟ ಹಾಗೆ."

"ಅಯ್ಯೋ, ಒಂದು ಬಾಯಿ ಅದರ ಆಯುಸ್ಸಿಗೆಲ್ಲ ಮುಚ್ಚೋದೇ ಏಳೆಂಟು ಸಲ. ಆಮೇಲೆ ಒಣಗಿಹೋಗುತ್ತೆ. ನಮ್ಮನೇಲೂ ಒಂದಿದೆ, ಒಂಬತ್ತು ವರ್ಷ ಆಯ್ತು. ನಾನಂತೂ ಒಂದು ನೊಣಾನೂ ತಂದು ಹಾಕಿಲ್ಲ. ಒಳ್ಳೆ ಬಿಸಿಲಿದ್ರೆ ತನ್ನ ಪಾಡಿಗೆ ಬದುಕುತ್ತೆ."

"ರೀ," ಎಂದಳು ನನ್ನ ಹೆಂಡತಿ, ಬಹಳ ಮೆತ್ತಗೆ. ಅವಳು ಮೆತ್ತಗೆ ಮಾತಾಡಿದರೆ ಹೋಟೆಲಿಗೆ ಬೀಗ ಬಿತ್ತೆಂದೇ ಅರ್ಥ. "ಈ ನೊಣ ಎಲ್ಲಿಂದ ಬಂತು?"

"ನಾನೇ... ಸಾಕಿದೆ."

"ಎಲ್ಲಿ?"

"ಬೆಲ್ಟ್ ಹಿಂದೆ."

ಇಬ್ಬರೂ ಎದ್ದು ಬಾಲ್ಕನಿಗೆ ಹೋದರು. ನನ್ನ ಹೆಂಡತಿ ಬಕೆಟ್ಟಿನೊಳಗೆ ಬಗ್ಗಿ ನೋಡಿದಳು. ಗಂಡನ ತಪ್ಪು ಮುಚ್ಚಿಹಾಕಬಹುದಿತ್ತು. ಆದರೆ ಅವಳು ಅಂಥವಳಲ್ಲ. ಬ್ಯಾಗಿನಿಂದ ತಪಾಸಣೆಯ ಫಾರಂ ತೆಗೆದು, ಅಲ್ಲೇ ನಿಂತು ಬರೆದಳು. ಸ್ಥಳ: ಸ್ವಂತ ಮನೆ. ಹೊಣೆಗಾರರು: ಗಂಡ. ಸರಿಪಡಿಸಲು ಗಡುವು: ಏಳು ದಿನ. ಹರಿದು ನನ್ನ ಕೈಗಿಟ್ಟಳು.

ಮೇಡಂ ಅದನ್ನು ಓದಿ ಮೊದಲು ತುಟಿ ಕಚ್ಚಿಕೊಂಡರು. ಆಮೇಲೆ ತಡೆಯಲಾಗದೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಸ್ವಂತ ಗಂಡನಿಗೇ ನೋಟಿಸ್ ಕೊಡೋವ್ರು ಪಾಠ ಹೇಳದೆ ಇನ್ಯಾರು ಹೇಳ್ಬೇಕು? ನಾಡಿದ್ದಿಂದಲೇ ಶುರು ಮಾಡಿ. ಹಾಂ, ಆ ಬಕೆಟ್ಟಿಂದು ಒಂದು ಫೋಟೋ ತಗೊಳ್ಳಿ, ಮೊದಲನೇ ಪಾಠಕ್ಕೆ ಬೇಕಾಗುತ್ತೆ. ಪಕ್ಕದಲ್ಲಿ ಇವರೂ ನಿಂತ್ಕೊಳ್ಳಲಿ!"

ಹೀಗೆ ಅವಳಿಗೆ ಹುದ್ದೆ ಸಿಕ್ಕಿತು. ನನಗೆ ಪೊರಕೆ ಸಿಕ್ಕಿತು. ಏಳು ದಿನ ತಿಕ್ಕಿದೆ, ತೊಳೆದೆ, ಒರೆಸಿದೆ, ಬ್ಯಾಟು ಹಿಡಿದು ನೊಣಗಳ ಹಿಂದೆ ಓಡಿದೆ. ಗಿಡವನ್ನು ಬಿಸಿಲಿಗಿಟ್ಟು ಅದರ ತಂಟೆಗೆ ಹೋಗದೆ ಸುಮ್ಮನಿದ್ದೆ. ಹೇಳಿದರೆ ನಗುತ್ತೀರಿ, ಹೊಸದೊಂದು ಬಾಯಿ ಮೊಳೆಯಿತು.

ಎಂಟನೆಯ ದಿನ ಹೆಂಡತಿ ಕೊರಳಿಗೆ ಆಫೀಸಿನ ಗುರುತಿನ ಚೀಟಿ ನೇತುಹಾಕಿಕೊಂಡು, ಕೈಯಲ್ಲಿ ಟಾರ್ಚು ಹಿಡಿದು ಮರುತಪಾಸಣೆಗೆ ಇಳಿದಳು. ಸಿಂಕಿನ ಕೆಳಗೆ, ಮಷೀನಿನ ಹಿಂದೆ, ಕಪಾಟಿನ ಮೇಲೆ, ಎಲ್ಲ ಕಡೆ ಬೆಳಕು ಹಾಯಿಸಿದಳು. ನಾನು ಒರೆಸುವ ಬಟ್ಟೆ ಹಿಡಿದು ಅವಳ ಹಿಂದೆಯೇ ನಡೆದೆ. ಕೊನೆಗೆ ಫಾರಂ ತುಂಬಿ, ಸಹಿ ಹಾಕಿ ನನ್ನ ಮುಂದೆ ಹಿಡಿದಳು. ನೆಲ: ಉತ್ತಮ. ಸಿಂಕು: ಉತ್ತಮ. ಬಾಲ್ಕನಿ: ತೃಪ್ತಿಕರ. ಗೆದ್ದೆ ಎಂದುಕೊಂಡು ಕೊನೆಯ ಸಾಲು ಓದಿದೆ:

"ಕಂಡುಬಂದ ಕೀಟ: ಒಂದು. ಗಾತ್ರ ದೊಡ್ಡದು. ಹದಿನೇಳು ವರ್ಷದಿಂದ ಈ ಮನೆಯಲ್ಲೇ ಇದೆ. ಕಚ್ಚುವುದಿಲ್ಲ. ಇರಲಿ."