ನೀರಿಗಂಜದ ಮಣ್ಣು

ಮಣ್ಣಿನ ಹೆಂಟೆಯೊಂದನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸವೇಶ ನಂಜನಗೂಡಿನಲ್ಲಿ ನರಸೀಪುರದ ಬಸ್ಸು ಹತ್ತಿದ್ದೇ ಎಲ್ಲ ಎಡವಟ್ಟಿಗೂ ಮೂಲ. ನರಸೀಪುರದ ಕಾಲೇಜಿನ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಅವನದು ಹಂಗಾಮಿ ಕೆಲಸ. ನಟರಾಜ್ ಮೇಷ್ಟ್ರು ಮೊದಲೇ ಹೇಳಿ ಕಳಿಸಿದ್ದರು: "ಹೊಳೆದಡದ ಮೆಕ್ಕಲು ಮಣ್ಣು ಕಣಯ್ಯ. ಅರೆಬರೆ ತೇವ ಇರೋ ತನಕ ಕಲ್ಲಿನಂಗೆ ನಿಲ್ಲುತ್ತೆ. ನೀರು ಬಿತ್ತೋ, ಕುಸೀತು. ಹೆಂಗಿದೆಯೋ ಹಂಗೇ ತರಬೇಕು. ಕೆಡಿಸಿದ್ರೆ ನಾಳೆಯಿಂದ ನೀನು ಬರೋದು ಬೇಡ."

ಮೇಣ ಸವರಿ, ಪ್ಲಾಸ್ಟಿಕ್ ಸುತ್ತಿ, ಮೇಲೊಂದು ಟವೆಲ್ಲನ್ನೂ ಹೊದಿಸಿದ್ದ. ಬಸ್ಸು ಗುಂಡಿಗಿಳಿದಾಗಲೆಲ್ಲ ಹೆಂಟೆಗಿಂತ ಮೊದಲು ಅವನ ಎದೆ ಒಡೆಯುತ್ತಿತ್ತು.

ದಾರಿಯಲ್ಲಿ ಹದಿನಾರು ಎಂಬ ಊರಿನಲ್ಲಿ ಹತ್ತಿದ ಸಣ್ಣತಾಯಮ್ಮನೆಂಬ ಮುದುಕಿ ಪಕ್ಕದಲ್ಲೇ ಕೂತಳು. "ಏನ್ ಮಗ ಅದು?"

"ಮಣ್ಣು ಕಣಜ್ಜಿ. ನಂಜನಗೂಡಿನ ಒಳೆ ದಡದ್ದು."

ಬಾಯಿ ಮುಚ್ಚಿಕೊಂಡು ಕೂರಬಾರದಿತ್ತೆ ಪುಣ್ಯಾತ್ಮ. ಆ ಹೊಳೆದಡದ ಮಣ್ಣು ಹಚ್ಚಿದರೆ ಕಜ್ಜಿ ತುರಿಕೆ ವಾಸಿಯಾಗುತ್ತದೆಂದು ಆ ಸೀಮೆಯಲ್ಲಿ ನಂಬದವರು ಯಾರು? ಅಜ್ಜಿ ಹೆಂಟೆ ಮುಟ್ಟಿ ಕಣ್ಣಿಗೊತ್ತಿಕೊಂಡು, ಟವೆಲ್ ಸರಿಸಿ ಪ್ಲಾಸ್ಟಿಕ್ ಹರಿದು, ಮೊಮ್ಮಗಳ ತುರಿಕೆಗೆಂದು ಉಗುರಿನಲ್ಲಿ ಮೂಲೆ ಬಗೆದೇಬಿಟ್ಟಳು. "ನಂಜುಂಡಪ್ಪನ ಮಣ್ಣ ಒಬ್ನೇ ಮಡಿಕತೀಯಾ? ಒಂದ್ ಚಿಟಿಕೆ ಕಣಪ್ಪ."

ಕಂಡಕ್ಟರ್ ಚನ್ನಯ್ಯ ಟಿಕೆಟ್ ಕೊಡುವುದು ಬಿಟ್ಟು ಪ್ಯಾಂಟೆತ್ತಿ ಕಾಲಿನ ಗಜಕರ್ಣ ತೋರಿಸಿದ. ಹಿಂದಿನ ಸೀಟಿನಿಂದಲೂ ಕೈಗಳು ಬಂದವು. ಕೊಡೆನೆಂದರೆ ದೇವರಿಗೆ ಅಡ್ಡ ಬಂದ ಪಾಪ, ಕೊಟ್ಟರೆ ಅನ್ನಕ್ಕೆ ಕಲ್ಲು. ಬಸವೇಶನಿಗೆ ಅಳುವೇ ಬಂತು.

"ಒಣ್ಗೋಗ್ಯದೆ ಕಣ್ಲಾ, ಇಂಗೇ ಮೈಗೆ ಅಚ್ಚಕಾಯ್ತದಾ?" ಎಂದ ಅಜ್ಜಿ ಬಾಟಲಿ ತೆಗೆದು ಹೆಂಟೆಗೇ ನೀರು ಸುರಿದಳು. ಮೇಷ್ಟ್ರ ಮಾತು ಸುಳ್ಳಾಗಲಿಲ್ಲ. ಹೆಂಟೆ ಬಸವೇಶನ ತೊಡೆಯ ಮೇಲೆ ಅಂಬಲಿಯಾಯಿತು.

ಅದನ್ನು ಟವೆಲ್ಲಿನಲ್ಲಿ ಬಾಚಿಕೊಂಡು ಇಳಿದವನಿಗೆ ಕಂಡದ್ದು ಕಾಲೇಜಿನ ಎದುರು ಮನೆ ಕಟ್ಟುತ್ತಿದ್ದ ಗಾರೆ ಬೆಟ್ಟಯ್ಯ. "ಇದು ನಿಂತ್ಕಳಂಗೆ ಒಂದ್ ಹಿಡಿ ಸಿಮೆಂಟ್ ಹಾಕಣ್ಣ," ಎಂದು ಬೇಡಿಕೊಂಡ.

"ಒಂದಿಡಿ ಯಾತಕ್ಕೂ ಸಾಲಲ್ಲ ಸಾ," ಎಂದ ಬೆಟ್ಟಯ್ಯ ಮೂರು ಹಿಡಿ ಸುರಿದು, ಸೋರುವ ಟ್ಯಾಂಕಿಗೆ ಹಾಕುವ, ಬೇಗ ಗಟ್ಟಿಯಾಗುವ ಪುಡಿಯನ್ನೂ ಧಾರಾಳವಾಗಿ ಬೆರೆಸಿದ. "ಇನ್ನು ಆನೆ ತುಳುದ್ರೂ ಜಗ್ಗಲ್ಲ."

ಬಸವೇಶ ಅದನ್ನು ಲ್ಯಾಬಿನ ಉಕ್ಕಿನ ಬಳೆಯೊಳಗೆ ಒತ್ತಿ ಕೂರಿಸಿದ. ಸಂಜೆ ಮೇಷ್ಟ್ರು ಬಂದು ಮಷೀನಿಗಿಟ್ಟು ಮೇಲೆ ತೂಕ ಹೇರಿದರು. ಬಣ್ಣ ಬೂದು, ಆಕಾರ ಸರಿ, ಅವರಿಗೆ ಅನುಮಾನ ಬರಲಿಲ್ಲ. ಗೆದ್ದೆ ಎಂದುಕೊಂಡ ಬಸವೇಶ.

"ಈಗ ನೀರು ತಾ."

"ನೀರಾ ಸಾರ್?"

"ಮತ್ತೆ? ನೀರು ಬಿದ್ದಾಗ ಎಷ್ಟು ಕುಸಿಯುತ್ತೆ ಅಂತ ನೋಡೋಕೇ ಅಲ್ವೇನಯ್ಯ ಈ ಪರೀಕ್ಷೆ?"

ನೀರು ಬಿತ್ತು. ಕುಸಿತ ತೋರಿಸುವ ಮಷೀನಿನ ಮುಳ್ಳು ಅಲುಗಲಿಲ್ಲ. ಇನ್ನೊಂದು ಲೋಟ ಬಿತ್ತು. ಊಹೂಂ. ದೇವರು ದಿಂಡರು ಎಂದರೆ ಮೂಗು ಮುರಿಯುತ್ತಿದ್ದ ಮೇಷ್ಟ್ರು ಕನ್ನಡಕ ತೆಗೆದು, ಬೆರಳಿಗಂಟಿದ ಮಣ್ಣನ್ನು ಮೆಲ್ಲಗೆ ಹಣೆಗಿಟ್ಟುಕೊಂಡರು.

"ಬಸವೇಶ, ನನ್ನ ಸರ್ವೀಸಲ್ಲೇ ಇಂಥ ಮಣ್ಣು ನೋಡಿಲ್ಲ. ನಿನ್ನ ಕೆಲಸ ಖಾಯಂ ಮಾಡಿಸೋ ಜವಾಬ್ದಾರಿ ನಂದು."

ಬಸವೇಶನ ಮುಖ ಅರಳಿತು.

"ನಾಳೆ ಬೆಳಿಗ್ಗೆ ಪ್ರಿನ್ಸಿಪಾಲರನ್ನೂ ಕರ್ಕೊಂಡು ಹೊಳೆದಡದಲ್ಲಿ ನೀನು ಅಗೆದ ಅದೇ ಗುಂಡಿಗೆ ಹೋಗೋಣ. ಅವರ ಕಣ್ಣೆದುರಿಗೇ ಇನ್ನೊಂದು ಹೆಂಟೆ ಕಿತ್ತು, ನೀನೇ ನೀರು ಹಾಕಿ ತೋರಿಸು."

ಬಸವೇಶ ಕುಸಿದು ಕೂತ. ಮೇಷ್ಟ್ರು ಗಾಬರಿಯಾಗಿ, ಉಳಿದಿದ್ದ ನೀರಿನ ಲೋಟವನ್ನು ಅವನ ಕಡೆ ಚಾಚಿದರು.