ಬಾಸ್‌ಗೆ ಸೋಲುವ ಶುಕ್ರವಾರಗಳು

ಆಫೀಸು ಅಂದಮೇಲೆ ಬಕೆಟ್ ಹಿಡಿಯುವವರು ಇದ್ದೇ ಇರುತ್ತಾರೆ. ಸಮುದ್ರ ದಾಟಿ ಬಂದರೂ ನನಗದು ತಪ್ಪಲಿಲ್ಲ. ಮೇಲಿನವರನ್ನು ಹೊಗಳಿ ಅಟ್ಟಕ್ಕೇರಿಸುವುದಕ್ಕೆ ಮಲೇಷ್ಯಾದಲ್ಲಿ 'ಬೋಡೆಕ್' ಅನ್ನುತ್ತಾರೆ. ಹೆಸರು ಬೇರೆ, ಕಸುಬು ಅದೇ.

೧. ಭುಜ

ಪೆಟಾಲಿಂಗ್ ಜಯಾದ ಆಫೀಸಿಗೆ ಆಗಷ್ಟೇ ಸೇರಿದ್ದೆ. ಬಾಸ್ ಇಲ್ಲಿಯವರೇ, ದನಿ ಎತ್ತಿ ಮಾತಾಡಿದವರಲ್ಲ. ಒಂದು ದಿನ ಅವರು ಕಪಾಟಿನ ಮೇಲಿಂದ ಕಾಗದದ ಕಟ್ಟು ಇಳಿಸುತ್ತಿದ್ದಾಗ ನಮ್ಮ ಹುಬ್ಬಳ್ಳಿಯ ಸಹೋದ್ಯೋಗಿ, "ಸರ್, ಎಂಥಾ ಭುಜ! ನೀವು ಬ್ಯಾಡ್ಮಿಂಟನ್ ಆಡಬೇಕು" ಅಂದುಬಿಟ್ಟ. ಮುಂದಿನ ಶುಕ್ರವಾರದಿಂದ ಇಡೀ ಆಫೀಸು ಕೋರ್ಟಿನಲ್ಲಿ.

"ಇದಕ್ಕೇ ಬಕೆಟ್ ಅನ್ನೋದು" ಎಂದು ರೇಗಿದೆ.

"ಬಕೆಟ್ ಅಲ್ಲೋ ದೋಸ್ತ, ಮರ್ಯಾದಿ!"

ಅವನ ಮರ್ಯಾದೆಗೆ ನಾನು ಶೂ ಕೊಳ್ಳಬೇಕಾಯಿತು.

೨. ಗೆರೆ

ಸೋಲುವುದು ನಮ್ಮ ಪಾಲಿನ ಕೆಲಸ. ಬಾಸ್ ಹೊಡೆದ ಕಾಕ್ ಎಲ್ಲಿ ಬಿದ್ದರೂ ಹುಬ್ಬಳ್ಳಿಯವನು "ಇನ್!" ಎಂದು ಕೂಗುತ್ತಿದ್ದ. ಆಮೇಲೆ ತಮಿಳು ಮುಸ್ಲಿಮರು ನಡೆಸುವ 'ಮಾಮಕ್' ಅಂಗಡಿಯಲ್ಲಿ ಎಲ್ಲರೂ ಕೂತು ನೊರೆ ಚಹಾ ಕುಡಿಯುತ್ತಿದ್ದೆವು.

ಒಮ್ಮೆ ಕಾಕ್ ಪಕ್ಕದ ಕೋರ್ಟಿಗೇ ಹಾರಿತು. "ಇನ್!" ಅಂದ. ಅಲ್ಲಿ ಆಡುತ್ತಿದ್ದ ಚೀನೀ ಅಜ್ಜ ಅದನ್ನು ತಂದು ಅವನ ಕೈಗಿಟ್ಟು, ಇಲ್ಲಿನವರು ಮಾತಿನ ಕೊನೆಗೆ ಹಚ್ಚುವ 'ಲಾ' ಹಚ್ಚಿ, "ಇದೂ ಇನ್ ಅಂದ್ರೆ ನಾವೂ ನಿಮ್ಮ ಟೀಮೇನಾ ಲಾ?" ಅಂದರು.

೩. ಗೆದ್ದ ದಿನ

ನನ್ನ ವರ್ಕ್ ಪಾಸ್, ಅಂದರೆ ಇಲ್ಲಿ ದುಡಿಯುವ ಪರವಾನಗಿ, ಮುಗಿಯುತ್ತಿತ್ತು. ಅದರ ನವೀಕರಣಕ್ಕೆ ಬಾಸ್ ಸಹಿ ಹಾಕದಿದ್ದರೆ ಪುಚೊಂಗ್‌ನ ಮನೆ ಖಾಲಿ ಮಾಡಿ, ಮಗಳನ್ನು ಶಾಲೆ ಬಿಡಿಸಿ ಮೈಸೂರಿಗೆ ವಾಪಸ್ಸು. ಶುಕ್ರವಾರ ಬೆಳಿಗ್ಗೆಯೇ ಹೆಂಡತಿ, "ರೀ, ಇವತ್ತು ನೀಟಾಗಿ ಸೋತು ಬನ್ನಿ" ಅಂದಳು.

ಕಣ್ಣು ಮುಚ್ಚಿ ಹೊಡೆದೆ. ಕಾಕ್ ಗೆರೆಯ ಮೇಲೇ ಬಿತ್ತು. ಎಡಗೈಯಲ್ಲಿ ಹೊಡೆದೆ, ಬಾಸ್ ಎಡವಿದರು. ಗೆದ್ದೇಬಿಟ್ಟೆ! ಬಾಸ್ ಬ್ಯಾಗು ಹೊತ್ತು ಹೊರಟೇಬಿಟ್ಟರು. ವಿಷಯ ಕೇಳಿದ ಹೆಂಡತಿ ಬೈಯಲಿಲ್ಲ. ಸ್ಟೂಲು ಹತ್ತಿ ಸೂಟ್‌ಕೇಸ್ ಇಳಿಸಿದಳು.

೪. ಬೀಳ್ಕೊಡುಗೆ

ಸೋಮವಾರ ನೋಡಿದರೆ ಸಹಿ ಆಗಿತ್ತು. ಯಾಕೆಂದು ತಿಳಿದದ್ದು ವರ್ಷಗಳಾದ ಮೇಲೆ, ಬಾಸ್ ನಿವೃತ್ತರಾಗಿ ಮೆಲಾಕಾಕ್ಕೆ ಹೊರಟ ದಿನ.

"ನನಗೆ ಬ್ಯಾಡ್ಮಿಂಟನ್ ಕಂಡರಾಗದು ಲಾ. ಮಂಡಿ ನೋವು. ನಿಮಗೆಲ್ಲ ಇಷ್ಟ, ಬೇಜಾರು ಮಾಡಬಾರದು ಅಂತ ಬರ್ತಿದ್ದೆ," ಅಂದರು. ನನ್ನತ್ತ ತಿರುಗಿ, "ನೀನೊಬ್ಬ ಬೇಗ ಸೋಲಿಸಿ ಮನೆಗೆ ಕಳಿಸಿದೆ. ಆ ಖುಷಿಗೇ ಮೊದಲು ನಿನಗೆ ಸಹಿ ಹಾಕಿದೆ."

ಇಷ್ಟು ವರ್ಷ ಅವರೂ ನಮಗೆ ಬಕೆಟ್ ಹಿಡಿದಿದ್ದರು! ಹುಬ್ಬಳ್ಳಿಯವನು ಕಣ್ಣೊರೆಸಿಕೊಳ್ಳುತ್ತಾ ಎದ್ದು ನಿಂತ.

"ಸರ್, ಆಟ ಇಷ್ಟ ಇಲ್ಲ ಅನ್ನೋದನ್ನ ಇಷ್ಟು ಚೆಂದ ಹೇಳಿದವರನ್ನ ನಾನು ನೋಡೇ ಇಲ್ಲ!"